ಮೂರು ಸರಕಾರಗಳ ಒಂದು ಹಳೇ ಸೇತುವೆ

ಸೇತುವೆಯಲ್ಲಿ ಬಿರುಕು ಕಂಡರೆ, ಕಂಡವನು ಮೊದಲು ದಾರಿ ಮುಚ್ಚಬೇಕು. ಸೇತುವೆ ಯಾರದ್ದೆಂಬುದನ್ನು ಆಮೇಲೆ ಕೇಳಬೇಕು.

ನೌಕರಿಯ ಹೊಸತರಲ್ಲಿ ನನ್ನ ಮೊದಲ ಮೇಲಧಿಕಾರಿ ಹೇಳಿಕೊಟ್ಟ ನಿಯಮ ಇದು. ಇದರಲ್ಲಿರುವುದು ಎರಡೇ ವಾಕ್ಯ. ನಾನು ಕಂಡಮಟ್ಟಿಗೆ ಜನ ಎರಡನೆಯದನ್ನು ಮೊದಲು ಓದುತ್ತಾರೆ, ಮೊದಲನೆಯದಕ್ಕೆ ಬರುವಷ್ಟರಲ್ಲಿ ನಿವೃತ್ತರಾಗುತ್ತಾರೆ. ಸೇತುವೆಯ ಕೆಲಸದಲ್ಲಿ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ. ಕೆಲವಕ್ಕೆ ನಗು ಬರುತ್ತದೆ, ಕೆಲವಕ್ಕೆ ನಕ್ಕ ಮೇಲೆ ಊಟ ಸೇರುವುದಿಲ್ಲ.

ನಾನು ಹೇಳುತ್ತಿರುವ ಸೇತುವೆ ಈಗಿಲ್ಲ. ಅಂಕೋಲೆಯಿಂದ ಅಮದಳ್ಳಿಯ ಕಡೆ ಹೋಗುವಾಗ ಸಿಗುವ ಉಪ್ಪುನೀರಿನ ಹಳ್ಳಗಳಲ್ಲಿ ಒಂದರ ಮೇಲೆ ಅದು ಇತ್ತು. ಹಳ್ಳದ ನಡುವೆ ತಾಲೂಕಿನ ಗಡಿ. ಈಚೆ ದಂಡೆ ಅಂಕೋಲೆಯದು, ಆಚೆಯದು ಕಾರವಾರದ್ದು. ಮೊದಲು ಹೆದ್ದಾರಿ ಹಾಯುತ್ತಿದ್ದದ್ದೇ ಅದರ ಮೇಲೆ. ಚತುಷ್ಪಥ ಬಂದಾಗ ಪಕ್ಕದಲ್ಲಿ ಸ್ವಲ್ಪ ಮೇಲಕ್ಕೆ ಹೊಸ ಸೇತುವೆ ಕಟ್ಟಿದರು. ಲಾರಿಗಳು ಅತ್ತ ಹೋದವು. ಹಳೆಯದು ಊರಿನವರಿಗೆ ಉಳಿಯಿತು. ಈಚೆ ದಂಡೆಯಲ್ಲಿ ಊರು, ಆಚೆ ದಂಡೆಯಲ್ಲಿ ಶಾಲೆ ಮತ್ತು ದೋಣಿಗಳು ನಿಲ್ಲುವ ಮೀನಿನ ದಕ್ಕೆ. ಹೊಸ ಸೇತುವೆ ಸುತ್ತಿ ಹೋಗಬೇಕೆಂದರೆ ಲಾರಿಗಳ ನಡುವೆ ಜೀವ ಹಿಡಿದುಕೊಂಡು ನಡೆಯಬೇಕು. ಹೀಗಾಗಿ ಎಲ್ಲರೂ ಹಳೆಯದರ ಮೇಲೇ ಓಡಾಡುತ್ತಿದ್ದರು.

ಅದು ಯಾರದ್ದು? ರಾಜ್ಯಕ್ಕೆ ಕೊಟ್ಟಾಗಿದೆ ಎಂದು ಕೇಂದ್ರದವರು. ನಮಗೆ ಮುಟ್ಟಿಲ್ಲ ಎಂದು ರಾಜ್ಯದವರು. ದೀಪದ ಕಂಬ ಮಾತ್ರ ನಮ್ಮದು ಎಂದು ಪಂಚಾಯ್ತಿಯವರು. ನಾನು ರಾಜ್ಯದ ಕಡೆಯ ಎಂಜಿನಿಯರ್. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನೆಂದು, ಕೇಂದ್ರದವರೊಂದಿಗೆ ಜಗಳವಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜಗಳ ಯಾವ ಭಾಷೆಯಲ್ಲಾಡಿದರೂ ಬಿರುಕು ಮುಚ್ಚುವುದಿಲ್ಲವೆಂದು ನನಗೆ ಬೇಗ ಗೊತ್ತಾಯಿತು.

ಕಾಲಿಡದ ಹಸ್ತಾಂತರ

ಸೇತುವೆಯ ಹಸ್ತಾಂತರ ಮುಗಿಸಿಬಿಡೋಣವೆಂದು ಒಂದು ಬೆಳಿಗ್ಗೆ ಎರಡೂ ಕಡೆಯವರು ಸ್ಥಳದಲ್ಲಿ ಸೇರುವುದೆಂದಾಯಿತು. ನನ್ನ ಆಗಿನ ಮೇಲಧಿಕಾರಿಯ ಜೊತೆ ನಾನು ಅಂಕೋಲೆಯಿಂದ ಹೊರಟೆ. ಸೇತುವೆಗೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಜೀಪು ನಿಂತಿತು. ರಸ್ತೆಯ ಮಧ್ಯೆ ಒಬ್ಬ ಹೆಂಗಸು ಮೀನಿನ ಬುಟ್ಟಿ ಇಳಿಸಿ ಕೂತಿದ್ದಳು. ತಲೆಯಿಂದ ಬುಟ್ಟಿ ಜಾರಿತ್ತಂತೆ, ಅಲ್ಲೇ ಇಳಿಸಿದ್ದಾಳೆ.

"ಹಾರ್ನ್ ಹೊಡಿ," ಎಂದರು ಸಾಹೇಬರು.

ಡ್ರೈವರ್ ನಾಲಿಗೆ ಕಚ್ಚಿಕೊಂಡ. "ಬೋಣಿ ಆಗ್ಲಿ ಸಾಹೇಬ್ರೆ. ಇಳಿಸಿದ ಬುಟ್ಟಿ ಬೋಣಿ ಆಗ್ದೆ ಎತ್ತೂ ಹಾಂಗಿಲ್ಲ. ಎತ್ತಿಸಿದವರ ಮನೆಗೆ ಒಳ್ಳೇದಲ್ಲ."

ನಮ್ಮ ಕರಾವಳಿಯಲ್ಲಿ ಈ ಮಾತು ಎಲ್ಲರಿಗೂ ಗೊತ್ತು. ದಿನದ ಮೊದಲ ವ್ಯಾಪಾರ ಆಗುವವರೆಗೆ ಆ ಬುಟ್ಟಿ ಇದ್ದಲ್ಲೇ ಇರಬೇಕು, ಅದನ್ನು ದಾಟಿ ಹೋಗುವ ಹಾಗೂ ಇಲ್ಲ. ಪೊಲೀಸರೂ ಮುಟ್ಟುವುದಿಲ್ಲ. ಕೊನೆಗೆ ಸೇತುವೆಯ ಪಕ್ಕದ ಚಹಾದಂಗಡಿಯವನು ಓಡಿಬಂದು ಒಂದಿಷ್ಟು ತಾರ್ಲೆ ಮೀನು ಕೊಂಡ. ಅವಳು ನೋಟನ್ನು ಹಣೆಗೊತ್ತಿಕೊಂಡು, "ಒಂದು ಕೈ ಕೊಡ್ ತಮಾ" ಎಂದು ನಮ್ಮ ಡ್ರೈವರನಿಂದಲೇ ಬುಟ್ಟಿ ಎತ್ತಿಸಿಕೊಂಡು ಹೋದಳು.

ಸೇತುವೆಯ ಆಚೆ ತುದಿಯಲ್ಲಿ ಕೇಂದ್ರದ ಅಧಿಕಾರಿ ನಿಂತಿದ್ದರು. ಈಚೆ ತುದಿಯಲ್ಲಿ ನಮ್ಮ ಸಾಹೇಬರು ನಿಂತರು. ನಾನು ಮುಂದೆ ಹೆಜ್ಜೆ ಇಟ್ಟದ್ದೇ ಅವರು ನನ್ನ ತೋಳು ಹಿಡಿದರು. "ಕಾಲಿಡಬೇಡಿ. ಅವರ ಕಡೆ ಫೋಟೋದವನಿದ್ದಾನೆ. ಕಾಲಿಟ್ಟರೆ ನಾವು ಸ್ವಾಧೀನ ಪಡೆದ ಹಾಗೆ." ಆ ಕಡೆಯ ಅಧಿಕಾರಿಯೂ ಇದೇ ಲೆಕ್ಕದಲ್ಲಿದ್ದರು. ತಾನು ಕಾಲಿಟ್ಟರೆ ಸೇತುವೆ ಇನ್ನೂ ತನ್ನದೆಂದಾಗುತ್ತದೆ ಎಂದು ಅವರ ಭಯ. ಇಬ್ಬರೂ ಮೊಬೈಲಿನಲ್ಲಿ, ಒಬ್ಬರಿಗೊಬ್ಬರು ಕಾಣುತ್ತಲೇ, ಕೈ ಆಡಿಸುತ್ತಾ ಮಾತಾಡಿದರು. "ನೀವು ರಿಪೇರಿ ಮಾಡಿ ಕೊಡಿ, ತಗೊಳ್ತೇವೆ." "ನೀವು ತಗೊಂಡು ರಿಪೇರಿ ಮಾಡಿಕೊಳ್ಳಿ."

ನಮ್ಮ ಸಾಹೇಬರು ಆ ಕಡೆಯವರಿಗೂ ಚಹಾ ಹೇಳಿದ್ದರು. ಅಂಗಡಿಯವನು ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ನಡುಸೇತುವೆಗೆ ಹೋದವನು ನಿಂತುಬಿಟ್ಟ. ಹಿಂದೆ ನೋಡಿದ, ಮುಂದೆ ನೋಡಿದ.

"ಅಲ್ರಾ, ಓದಿದವರು ನೀವು ಒಬ್ರೂ ಇದ್ರ ಮೇಲೆ ಬರೂದಿಲ್ಲ. ನಾ ಚಾ ಹಿಡ್ಕಂಡು ಇಲ್ಲಿ ನಿಂತಿದ್ದೆ. ಮುಂದೆ ಹೋಗ್ಲೋ, ಹಿಂದೆ ಬರ್ಲೋ? ಯಾವ ಕಡೆ ಮೊದ್ಲು ಬೀಳ್ತದೆ ಹೇಳಿ!"

ಅರ್ಧ ಬೆಳಕು

ಸೇತುವೆಯ ಮೇಲೆ ದೀಪ ಬೇಕೆಂದು ಜನ ಪಂಚಾಯ್ತಿಗೆ ಮುತ್ತಿಗೆ ಹಾಕಿದರು. ಕಂಬ ನೆಡುವ ಅಧಿಕಾರ ಯಾರಿಗೂ ಬೇಡದ ಅಧಿಕಾರವಾದ್ದರಿಂದ ಪಂಚಾಯ್ತಿಗೆ ಸುಲಭವಾಗಿ ಸಿಕ್ಕಿತು. ಕಂಬ ಬಂತು, ದೀಪ ಹತ್ತಿತು, ಪಂಚಾಯ್ತಿ ಅಧ್ಯಕ್ಷರು ಅದನ್ನು ನೋಡಲು ನನ್ನನ್ನು ಕರೆದರು.

ದೀಪಗಳು ಸೇತುವೆಯ ಅರ್ಧಕ್ಕೆ ನಿಂತಿದ್ದವು. ಅಲ್ಲಿಂದ ಮುಂದೆ ಕತ್ತಲು.

"ಉಳಿದರ್ಧ?" ಎಂದು ಕೇಳಿದೆ.

"ಅದು ಆ ಕಡೆ ಪಂಚಾಯ್ತಿ, ಸಾಹೇಬ್ರೆ. ನಮ್ಮ ಕರೆಂಟು ಗಡಿ ದಾಟಿದ್ರೆ ಆಡಿಟ್ಟಿನಲ್ಲಿ ಹಿಡೀತಾರೆ."

"ಆ ಕಡೆಯವರು ಏನಂತಾರೆ?"

"ಅವ್ರ ಹತ್ರ ಕಂಬ ಇದೆ, ಬಲ್ಬ್ ಇಲ್ಲ. ನಮ್ಮ ಹತ್ರ ಬಲ್ಬ್ ಉಳಿದದೆ, ಕಂಬ ಇಲ್ಲ. ಅವ್ರು ಕೇಳಿದ್ರೆ ಕೊಡೂದು ಅಂತ ಕೂತಿದ್ದೇವೆ."

"ನೀವೇ ಹೇಳಬಹುದಲ್ಲ?"

"ನಾವ್ ಎಂತಕೆ ತಗ್ಗಬೇಕು ಸಾಹೇಬ್ರೆ?"

ಕೊನೆಯ ದೀಪದ ಬುಡದಲ್ಲಿ, ಸೇತುವೆಯಂಚಿನ ತಡೆಗೋಡೆ ತಳದಿಂದ ಬಿಟ್ಟುಕೊಂಡಿತ್ತು. ಕಬ್ಬಿಣ ತುಕ್ಕು ಹಿಡಿದು ಉಬ್ಬಿತ್ತು, ಕಾಂಕ್ರೀಟು ಚಕ್ಕೆ ಎದ್ದಿತ್ತು. ಕೈಯಿಂದ ದೂಡಿದರೆ ಅಲುಗಾಡುತ್ತಿತ್ತು. ಅದನ್ನು ಅಧ್ಯಕ್ಷರಿಗೆ ತೋರಿಸಿದೆ.

ಅವರು ಬಗ್ಗಿ ನೋಡಿ, ನೆಟ್ಟಗಾಗಿ, ಎದೆ ಮುಂದೆ ಮಾಡಿದರು. "ಮೊದ್ಲು ಇದು ಹಗಲು ಮಾತ್ರ ಕಾಣ್ತಿತ್ತು. ಈಗ ಸಂಜೆ ಮೇಲೂ ಕಾಣ್ತದೆ. ಪಂಚಾಯ್ತಿ ತನ್ನ ಕೈಲಾದ್ದು ಮಾಡಿದೆ ನೋಡಿ."

ಡ್ರಮ್ಮಿನ ಮಟ್ಟಿಗೆ

ನಿಯಮ ನಿಯಮವೇ. ಮರುದಿನ ಖಾಲಿ ಟಾರಿನ ಡ್ರಮ್ಮುಗಳನ್ನು ತರಿಸಿ, ಕಲ್ಲು ತುಂಬಿಸಿ, ಸೇತುವೆಯ ಎರಡೂ ತುದಿಗೆ ಅಡ್ಡ ಇಡಿಸಿದೆ. ಕೆಂಪು ಬಣ್ಣ ಬಳಿಸಿದೆ. ಊರವರು ಬೈದರು. ಬೈಯಲಿ ಎಂದುಕೊಂಡೆ. ಬೈಯಲಿಕ್ಕೆ ಜೀವ ಇರಬೇಕಲ್ಲ.

ಮಾರನೆಯ ದಿನ ಡ್ರಮ್ಮುಗಳಿಲ್ಲ. ಹೆದ್ದಾರಿಯ ಗಸ್ತಿನವರು ಬಂದು ಎತ್ತಿಕೊಂಡು ಹೋಗಿದ್ದರು. ಕೇಂದ್ರದ ಅಧಿಕಾರಿಗೆ ಫೋನು ಮಾಡಿದೆ. ಅವರು ಸಭ್ಯರು, ಸಿಟ್ಟಾಗುವವರಲ್ಲ.

"ನಮ್ಮ ಆಸ್ತಿಯ ಮೇಲೆ ನೀವು ಹೀಗೆಲ್ಲ ಸಾಮಾನು ಇಡುವ ಹಾಗಿಲ್ಲ," ಎಂದರು.

ಇಷ್ಟು ದಿನ ಕಾದ ಮಾತು ಬಂತೆಂದು ನಾನು ಕುರ್ಚಿಯಿಂದ ಎದ್ದುನಿಂತೆ. "ಅಂದರೆ ಸೇತುವೆ ನಿಮ್ಮದು ಎಂದಾಯಿತಲ್ಲ? ಹಾಗಾದರೆ ಬಿರುಕು?"

ಆ ಕಡೆ ಯಾರನ್ನೋ ಕೇಳುತ್ತಿದ್ದರು.

"ಇಲ್ಲ, ಇಲ್ಲ," ಎಂದರು. "ಡ್ರಮ್ಮಿನ ಮಟ್ಟಿಗೆ ಮಾತ್ರ ನಮ್ಮದು."

ಭರತ ಮತ್ತು ಇಳಿತ

ಇದನ್ನು ಹಾಸ್ಯವೆಂದು ಬರೆಯಬಾರದು. ಆದರೆ ಆ ದಿನ ಅಲ್ಲಿದ್ದವರು ನಕ್ಕಿದ್ದರು. ನಕ್ಕದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಬರೆಯುತ್ತೇನೆ.

ಸಂಜೆ ಕೂಲಿ ಮುಗಿಸಿ ಒಬ್ಬ ಮನುಷ್ಯ ಸೈಕಲ್ಲಿನಲ್ಲಿ ಆಚೆ ದಂಡೆಯಿಂದ ಮನೆಗೆ ಬರುತ್ತಿದ್ದ. ದೀಪವಿಲ್ಲದ ಅರ್ಧ ದಾಟಿ ಬೆಳಕಿಗೆ ಬರುವ ಹೊತ್ತಿಗೆ ಎದುರಿನಿಂದ ಟೆಂಪೊ ಬಂತು. ಅವನು ಬದಿಗೆ ಸರಿದು ಅಂಚಿನ ತಡೆಗೋಡೆ ಹಿಡಿದುಕೊಂಡ. ಗೋಡೆ ಅವನ ಜೊತೆಗೇ ಹೋಯಿತು.

ಆಗ ಇಳಿತದ ಹೊತ್ತು. ಹಳ್ಳದಲ್ಲಿ ಕೆಸರು ಮೇಲೆ ಬಂದಿತ್ತು. ಹೆಣ ಕೆಸರಿನಲ್ಲಿ, ಹೆಚ್ಚುಕಡಿಮೆ ಗಡಿಯ ಮೇಲೆ. ಅಂಕೋಲೆ ಕಡೆಯ ಪೊಲೀಸರು ಈಚೆ ದಂಡೆಗೆ ಬಂದರು, ಕಾರವಾರ ಕಡೆಯವರು ಆಚೆ ದಂಡೆಗೆ. "ತಲೆ ನಿಮ್ಮ ಕಡೆ ಇದೆ," ಎಂದರು ಇವರು. "ಬಿದ್ದದ್ದು ನಿಮ್ಮ ದೀಪದ ಕೆಳಗೆ," ಎಂದರು ಅವರು. ವಾದ ಮುಗಿಯುವ ಮೊದಲು ಸಮುದ್ರದ ಭರತ ಏರಿತು. ನೀರು ಹೆಣವನ್ನು ಎತ್ತಿಕೊಂಡು ಮೆಲ್ಲಗೆ ಈಚೆಗೆ ತಂದಿತು. ಆಚೆಯವರ ಮುಖದಲ್ಲಿ ಸಮಾಧಾನ ಕಂಡಿತು. ಅಷ್ಟರಲ್ಲಿ ಹೊಸ ಸೇತುವೆಯ ಕಂಬಕ್ಕೆ ಬಡಿದ ಸುಳಿ ಅದನ್ನು ತಿರುಗಿಸಿ ಮತ್ತೆ ಆಚೆಗೆ ಒಯ್ದಿತು. ಈಚೆ ದಂಡೆಯಲ್ಲಿ ಯಾರೋ ನಕ್ಕರು.

ಆಗ ಜನರ ನಡುವಿನಿಂದ ಒಬ್ಬ ಹೆಂಗಸು ಖಾಲಿ ಬುಟ್ಟಿ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ನೀರಿಗಿಳಿದಳು. ನಮ್ಮ ಜೀಪು ನಿಲ್ಲಿಸಿದ್ದ ಮೀನಿನ ಅಕ್ಕನೇ. ಬಿದ್ದವನು ಅವಳ ಗಂಡ. ಕುತ್ತಿಗೆ ಮಟ್ಟದ ನೀರಿನಲ್ಲಿ ಹೋಗಿ ಅವನ ಅಂಗಿ ಹಿಡಿದು ಎಳೆದುಕೊಂಡು ಬಂದಳು. ಬಲೆಯವರು ಇಬ್ಬರು ಹಾರಿ ಕೈ ಕೊಟ್ಟರು.

ಈಚೆ ದಂಡೆಯ ಇನ್‌ಸ್ಪೆಕ್ಟರು ತಲೆ ಚಚ್ಚಿಕೊಂಡರು. "ಏ ಅಕ್ಕಾ, ಪಂಚನಾಮೆ ಆಗೂ ಮೊದ್ಲು ಈ ಕಡೆ ಎಂತಕೆ ತಂದೆ?"

ಅವಳು ಗಂಡನ ಮುಖದ ಕೆಸರನ್ನು ಸೆರಗಿನಿಂದ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅವರಿಗೆ ಗಡಿ ಗೊತ್ತಿರ್ಲಿಲ್ಲ ಸಾಹೇಬ್ರೆ. ಗೊತ್ತಿದ್ರೆ ನಿಮ್ಗೆ ತ್ರಾಸ ಆಗ್ದಂಗೆ ಬೀಳ್ತಿದ್ರು."

ಬುಧವಾರದ ಉಪವಾಸ

ಸಾವು ಆದ ಮೇಲೆ ದೊಡ್ಡವರು ಬರಲೇಬೇಕು. ಒಬ್ಬ ನಾಯಕರು ಬರುತ್ತಾರೆಂದಾಯಿತು. ಮುಂಚಿತವಾಗಿ ಅವರ ರಕ್ಷಣೆಯವರು ಬಂದು ಸೇತುವೆ ನೋಡಿದರು. ಗೋಡೆ ಹೋದ ಜಾಗಕ್ಕೆ ನೈಲಾನ್ ಹಗ್ಗ ಕಟ್ಟಿ, ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿದ್ದೆವು. ನಮ್ಮ ಸಾಹೇಬರು ಮಂಜೂರು ಮಾಡಿದ ರಿಪೇರಿ ಅಷ್ಟೇ. ರಕ್ಷಣೆಯವರು ತಕ್ಷಣ ಹೇಳಿದರು: "ನಾಯಕರ ಗಾಡಿ ಹೊಸ ಸೇತುವೆ ಮೇಲೆ ಬರುತ್ತದೆ. ಸಭೆ ಆಚೆ ದಂಡೆಯಲ್ಲಿ." ಈಚೆ ದಂಡೆಯ ಊರಿಗೆ ಊರೇ ಸಭೆಗಾಗಿ ಹಳೇ ಸೇತುವೆಯ ಮೇಲೆ ಸಾಲುಗಟ್ಟಿ ಹೋಯಿತು. ಲಾರಿಗಳು ಬಿಟ್ಟ ಮೇಲೆ ಅದರ ಮೇಲೆ ಅಷ್ಟು ಭಾರ ಬಿದ್ದಿರಲಿಲ್ಲ.

ನಾಯಕರು ಮಾತಾಡಿದರು. ಸೇತುವೆ ಗಟ್ಟಿಯಾಗಿದೆ, ವದಂತಿ ನಂಬಬೇಡಿ, ಗೋಡೆ ಬೇರೆ ಸೇತುವೆ ಬೇರೆ ಎಂದರು. ಚಪ್ಪಾಳೆ ಬಿತ್ತು. ಆಗ ಊರಿನ ಹಿರಿಯರೊಬ್ಬರು ಎದ್ದು ಕೈಮುಗಿದರು.

"ಚಲೋ ಆಯ್ತು ಸಾಹೇಬ್ರೆ. ನಿಮ್ಮ ಊಟ ಆ ದಂಡೆ ನಮ್ಮ ಊರಲ್ಲಿ ಮಾಡ್ಸಿದ್ದೇವೆ. ಇಸ್ವಾಣ ಮೀನು ಹುರಿದು ಇಟ್ಟಿದ್ದೇವೆ. ಬನ್ನಿ, ಒಟ್ಟಿಗೇ ಸೇತುವೆ ದಾಟ್ವಾ. ನಡೆದ್ರೆ ಚೂರೇ ದೂರ."

ನಾಯಕರು ಸೇತುವೆಯನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿದರು. "ಇವತ್ತು ನನಗೆ ಉಪವಾಸ," ಎಂದರು.

ಅಂದು ಬುಧವಾರ. ಸೋಮವಾರ, ಗುರುವಾರ, ಶನಿವಾರ ಮೀನು ಬಿಟ್ಟು ಬಾಯಿ ಕಟ್ಟಿಕೊಳ್ಳುವ ನಮ್ಮ ಕರಾವಳಿ, ಬುಧವಾರ ಉಪವಾಸ ಮಾಡಿದ ಮನುಷ್ಯನನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು.

ಬೋಣಿ

ಚೌತಿ ಮುಗಿದರೂ ಮಳೆ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಚಹಾದಂಗಡಿಯವನು ಫೋನು ಮಾಡಿದ. "ಸಾಹೇಬ್ರೆ, ಸೇತುವೆ ಸಂದಿಯಲ್ಲಿ ಹಳ್ಳದ ನೀರು ಕಾಣ್ತದೆ."

ಹೋಗಿ ನೋಡಿದೆ. ನಡುವಿನ ಕಂಬ ಕುಸಿದಿತ್ತು. ಸೇತುವೆ ಅಲ್ಲಿ ಬೆನ್ನು ಬಗ್ಗಿಸಿದಂತೆ ಇಳಿದಿತ್ತು, ಪಾದ ಹೋಗುವಷ್ಟು ಸಂದು ಬಾಯಿಬಿಟ್ಟಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಊರಿನ ಮಕ್ಕಳನ್ನು ತುಂಬಿಕೊಂಡು ಶಾಲೆಯ ಟೆಂಪೊ ಹೊರಡುತ್ತದೆ.

ಮೊದಲು ಜೀಪನ್ನು ಅಡ್ಡ ನಿಲ್ಲಿಸಿದೆ. ಆಮೇಲೆ ಫೋನು ಹಿಡಿದೆ. ಕೇಂದ್ರದ ಅಧಿಕಾರಿ, "ಗಸ್ತಿನವರನ್ನು ಕಳಿಸುತ್ತೇನೆ, ದಯವಿಟ್ಟು ಡ್ರಮ್ಮು ಮಾತ್ರ ಇಡಬೇಡಿ," ಎಂದರು. ಪೊಲೀಸರು, "ಮುಚ್ಚಲಿಕ್ಕೆ ಆದೇಶ ಬೇಕು. ಸೇತುವೆ ಯಾರದ್ದೋ ಅವರು ಕೊಡಬೇಕು," ಎಂದರು. ಪಂಚಾಯ್ತಿ ಅಧ್ಯಕ್ಷರು ಗಾಬರಿಯಿಂದ ಕೇಳಿದರು: "ನಮ್ಮ ದೀಪದ ಕಂಬಕ್ಕೆ ಎಂತಾ ಆಗ್ಲಿಲ್ಲ ಅಲ್ದೆ?"

ನಮ್ಮ ಸಾಹೇಬರು ನನ್ನೊಂದಿಗೆ ಮಾತಾಡಲೇ ಇಲ್ಲ. ನೇರ ಡ್ರೈವರನಿಗೆ ಫೋನು ಮಾಡಿದರು. ನಮ್ಮ ಇಲಾಖೆಯ ಜೀಪು ಆ ಸೇತುವೆಯ ಮೇಲೆ ನಿಂತರೆ ಸೇತುವೆ ನಾವು ಸ್ವೀಕರಿಸಿದ ಹಾಗೆ, ಕೂಡಲೇ ತೆಗಿ ಎಂದರಂತೆ. ಡ್ರೈವರ್ ನನ್ನ ಮುಖ ನೋಡದೆ ಜೀಪು ಓಡಿಸಿಕೊಂಡು ಹೋದ. ನಾನು ಕೊಡೆ ಹಿಡಿದು ರಸ್ತೆಯ ನಡುವೆ ನಿಂತೆ. ಬೈಕಿನವರು ನನ್ನ ಎರಡೂ ಬದಿಯಿಂದ ನುಸುಳಿ, "ದಾರಿ ಬಿಡ್ರಾ ಸಾಹೇಬ್ರೆ, ಹೊತ್ತಾಯ್ತು" ಎನ್ನುತ್ತಾ ಆ ಸಂದಿನ ಮೇಲೆ ಹಾರಿಸಿಕೊಂಡು ಹೋದರು. ದೂರದಲ್ಲಿ ಟೆಂಪೊ ಕಂಡಿತು.

ಟೆಂಪೊಗಿಂತ ಮುಂದೆ ಆ ಮೀನಿನ ಅಕ್ಕ ಬಂದಳು. ತಲೆಯ ಮೇಲೆ ಬುಟ್ಟಿ ತುಂಬ ಬಂಗಡೆ. ನನ್ನನ್ನು ನೋಡಿದಳು, ಸೇತುವೆಯನ್ನು ನೋಡಿದಳು. ಕೇಳಿದ್ದು ಒಂದೇ ಮಾತು.

"ಬೀಳ್ತದಾ?"

"ಬೀಳುತ್ತದೆ."

"ಒಂದು ಕೈ ಕೊಡಿ."

ಬುಟ್ಟಿ ಇಳಿಸಿಕೊಟ್ಟೆ. ಸೇತುವೆ ಶುರುವಾಗುವಲ್ಲಿ, ಸರಿಯಾಗಿ ನಡುವೆ, ಬುಟ್ಟಿ ಇಟ್ಟು ಅದರ ಹಿಂದೆ ಚಕ್ಕಳಮಕ್ಕಳ ಕೂತಳು. ಫೋನು ತೆಗೆದು ಆಚೆ ದಂಡೆಯ ದಕ್ಕೆಯಲ್ಲಿದ್ದ ನಾದಿನಿಗೆ ಕೊಂಕಣಿಯಲ್ಲಿ ಏನೋ ಕೂಗಿದಳು. ಕ್ಷಣದಲ್ಲಿ ಆಚೆ ತುದಿಯಲ್ಲೂ ಒಂದು ಬುಟ್ಟಿ ಇಳಿಯಿತು.

ಬೈಕುಗಳು ನಿಂತವು. ನನ್ನ ಕೊಡೆಯ ಬದಿಯಿಂದ ನುಸುಳಿದವರು ಬುಟ್ಟಿಯ ಬದಿಯಿಂದ ನುಸುಳಲಿಲ್ಲ. ಟೆಂಪೊ ನಿಂತಿತು. ಕಿಟಕಿಯಿಂದ ಒಂದು ಹುಡುಗಿ, "ಅಜ್ಜೀ!" ಎಂದು ಕೈ ಬೀಸಿತು. ಅವಳ ಮೊಮ್ಮಗಳು.

ಟೆಂಪೊ ಚಾಲಕ ಇಳಿದು ಬಂದ. "ಅಕ್ಕಾ, ಶಾಲೆ ಗಂಟೆ ಆಯ್ತು. ತಗ, ನಾನೇ ಬೋಣಿ ಮಾಡ್ತೆ. ಬಂಗಡೆ ಕೊಡು."

"ನಿಂಗೆ ಕೊಡೂದಿಲ್ಲ."

"ಎಂತಕೆ?"

"ನಿನ್ನ ಬೋಣಿ ಆಗಿ ಬರೂದಿಲ್ಲ ತಮಾ. ಮಕ್ಕಳನ್ನ ಹೊಸ ಸೇತುವೆ ಮೇಲೆ ಸುತ್ತಿ ಕರ್ಕಂಡ್ ಹೋಗು."

ಅವನು ಗೊಣಗುತ್ತಾ ಟೆಂಪೊ ತಿರುಗಿಸಿದ. ಮಕ್ಕಳು ಹೋದವು. ಆದರೂ ಅವಳು ಏಳಲಿಲ್ಲ. ಬೈಕಿನವರು ಒಬ್ಬೊಬ್ಬರಾಗಿ ಬಂದು ಮೀನು ಕೇಳಿದರು. ಯಾರಿಗೂ ಇಲ್ಲ. ಮೀನು ಮಾರಲು ಬಂದವಳು ಮೀನು ಮಾರುವುದಿಲ್ಲವೆಂಬ ಸುದ್ದಿ ಊರಿಡೀ ಹಬ್ಬಿತು.

ಸೇತುವೆ ಕುಸಿದಿದೆ ಎಂದಾಗ ಬಾರದವರು, ರಸ್ತೆಯಲ್ಲಿ ಹೆಂಗಸು ಕೂತಿದ್ದಾಳೆ ಎಂದಾಗ ಬಂದರು. ಎಲ್ಲರೂ ಬಂದರು. ಕೇಂದ್ರದ ಅಧಿಕಾರಿ, ನಮ್ಮ ಸಾಹೇಬರು, ಅಧ್ಯಕ್ಷರು, ಪೊಲೀಸರು. ಮಧ್ಯಾಹ್ನವಾಗುತ್ತಿತ್ತು. ಮಳೆ ನಿಂತು ಬಿಸಿಲು ಬಿದ್ದಿತ್ತು. ಬಂಗಡೆಯ ಕಣ್ಣು ಬಿಳಿಚುತ್ತಿತ್ತು, ನೊಣ ಕೂರುತ್ತಿತ್ತು. ಅಧಿಕಾರಿಗಳು ಮೂಗಿಗೆ ಕರವಸ್ತ್ರ ಹಿಡಿದರು.

"ಎಬ್ಬಿಸಿ," ಎಂದರು ಕೇಂದ್ರದವರು ಪೊಲೀಸರಿಗೆ.

"ಬೋಣಿ ಆಗ್ಲಿಲ್ಲ ಸರ್," ಎಂದ ಪೇದೆ, ಎರಡು ಹೆಜ್ಜೆ ಹಿಂದೆ ಸರಿದು. ಅವನೂ ಈ ಕರಾವಳಿಯವನೇ.

ಇನ್‌ಸ್ಪೆಕ್ಟರು ಮುಂದೆ ಬಂದರು. "ಅಕ್ಕಾ, ಇಲ್ಲಿ ಕೂರೂಕೆ ನಿಂಗೆ ಯಾರು ಹೇಳಿದ್ರು? ಸೇತುವೆ ನಿಂದಾ?"

"ನಂದಲ್ಲ," ಎಂದಳು. "ಯಾರದ್ದೋ ಅವರು ಮುಂದೆ ಬಂದು ನಂದು ಅನ್ಲಿ. ಈಗಿಂದೀಗ ಏಳ್ತೆ."

ನಮ್ಮ ಸಾಹೇಬರು ಕೇಂದ್ರದವರನ್ನು ನೋಡಿದರು. ಕೇಂದ್ರದವರು ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ದೀಪದ ಕಂಬ ನೋಡಿದರು. ಸೇತುವೆಯ ನಡುವಿನಿಂದ ಒಂದು ಕಾಂಕ್ರೀಟಿನ ತುಂಡು ಕಳಚಿ ಹಳ್ಳಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಕೊನೆಗೆ ಕೇಂದ್ರದ ಅಧಿಕಾರಿ, ಯಾರೋ ಕಿವಿಯಲ್ಲಿ ಹೇಳಿಕೊಟ್ಟಂತೆ, ಜೇಬಿನಿಂದ ದೊಡ್ಡ ನೋಟು ತೆಗೆದು, ಬಗ್ಗಿ, ತಿಳಿದಷ್ಟು ಕನ್ನಡದಲ್ಲಿ ಹೇಳಿದರು: "ಅಮ್ಮಾ, ಪೂರ್ತಿ ಬುಟ್ಟಿ ನಾನು ತಗೊಳ್ತೀನಿ."

ಅವಳು ನೋಟನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಒದ್ದೆ ಗೋಣಿಯನ್ನು ಎಳೆದು, ಹಾಳಾಗುತ್ತಿದ್ದ ಮೀನಿನ ಮೇಲೆ ಹೊದೆಸಿ, ನಾಲ್ಕೂ ಅಂಚನ್ನು ಬುಟ್ಟಿಯ ಕಂಠಕ್ಕೆ ಒತ್ತಿ ಸಿಕ್ಕಿಸಿದಳು. ಮೊಣಕೈಗಳನ್ನು ಅದರ ಮೇಲೆ ಊರಿ ಕೂತಳು.

"ಇವತ್ತು ಮೀನಿಲ್ಲ," ಎಂದಳು.